ಕೈ ಮುಟ್ಟಿ ಕೊಟ್ಟ ನಾಣ್ಯ



ಚಾರ್ಲಿ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ 1931ರಲ್ಲಿ ತೆರೆಕಂಡ ಚಿತ್ರ. ಆ ಹೊತ್ತಿಗೆ ಹಾಲಿವುಡ್ ಮಾತನಾಡಲು ಕಲಿತಿತ್ತು. ಚಾಪ್ಲಿನ್ ಮಾತ್ರ ಮೂಕಿಚಿತ್ರವನ್ನೇ ತೆಗೆದರು. ಹಲವು ಭಾಷೆಗಳಲ್ಲಿ ಪೂಜೆ ನಡೆಯುವ ನಮ್ಮಂಥವರಿಗೆ ಅನುಕೂಲವೇ, ಯಾವ ಭಾಷೆಯವರೂ ದೂರುವಂತಿಲ್ಲ!

ಬೀದಿಯಲ್ಲಿ ಹೂ ಮಾರುವ ಅಂಧ ಹುಡುಗಿಯೊಬ್ಬಳು ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿ, ಎದುರು ನಿಂತ ಅಲೆಮಾರಿಯನ್ನು ಶ್ರೀಮಂತನೆಂದು ತಿಳಿಯುತ್ತಾಳೆ. ಅವನಿಗೆ ಅವಳ ಮೇಲೆ ಪ್ರೀತಿ. ತಪ್ಪನ್ನು ತಿದ್ದಲು ಮನಸ್ಸು ಬಾರದು. ಅದೇ ಊರಿನಲ್ಲೊಬ್ಬ ಕೋಟ್ಯಧಿಪತಿ. ನದಿಗೆ ಬೀಳಲು ಹೊರಟವನನ್ನು ಈ ಅಲೆಮಾರಿಯೇ ಉಳಿಸುತ್ತಾನೆ. ಕುಡಿದಾಗ ಧಣಿ ಅವನನ್ನು ಅಪ್ಪಿಕೊಳ್ಳುತ್ತಾನೆ, ಅಮಲಿಳಿದೊಡನೆ ಹೊರಹಾಕಿಸುತ್ತಾನೆ. ನಗು ಬರುತ್ತದೆ. ಆದರೆ ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲ ಬಳಿಯ ಜಾಗ ಕೊಡುವವರ ಬಗ್ಗೆ ಸಂತ ಯಕೋಬರು ಬರೆದದ್ದು ನೆನಪಾದರೆ ನಗು ಗಂಟಲಲ್ಲೇ ನಿಲ್ಲುತ್ತದೆ. ಹಬ್ಬದ ದಿನ ಮುಂದಿನ ಸಾಲಿನ ಕುರ್ಚಿಗಳನ್ನು ನಾವು ಯಾರಿಗೆ ಕಾದಿರಿಸುತ್ತೇವೆ?

ಧಣಿ ಅಮಲಿನಲ್ಲಿ ಕೊಟ್ಟ ಹಣವನ್ನು ಅಲೆಮಾರಿ ಹುಡುಗಿಯ ಕಣ್ಣಿನ ಚಿಕಿತ್ಸೆಗೆ ಕೊಟ್ಟು, ಕಳ್ಳನೆನಿಸಿಕೊಂಡು ಜೈಲು ಸೇರುತ್ತಾನೆ. ಹರಿದ ಬಟ್ಟೆಯಲ್ಲಿ ಹೊರಬಂದಾಗ ಅವಳಿಗೆ ದೃಷ್ಟಿ ಬಂದಿದೆ, ಹೂವಿನ ಅಂಗಡಿಯೂ ಇದೆ. ಗಾಜಿನ ಹಿಂದಿನಿಂದ ಅವನನ್ನು ಕಂಡು ನಗುತ್ತಾಳೆ. ಕಣ್ಣು ಬಂದಿದೆ, ಗುರುತು ಸಿಕ್ಕಿಲ್ಲ. ಅವಳು ಕಾಯುತ್ತಿರುವುದು ಶ್ರೀಮಂತನೊಬ್ಬನನ್ನಲ್ಲವೇ? ಕನಿಕರದಿಂದ ಒಂದು ಹೂ, ಒಂದು ನಾಣ್ಯ ಹಿಡಿದು ಹೊರಬರುತ್ತಾಳೆ. ಅವನು ಹಿಂಜರಿಯುತ್ತಾನೆ. ಅವಳು ಅವನ ಕೈ ಹಿಡಿದು ಅಂಗೈಯಲ್ಲಿ ನಾಣ್ಯ ಇಡುತ್ತಾಳೆ. ಕಣ್ಣಿಗೆ ತಿಳಿಯದ್ದು ಬೆರಳುಗಳಿಗೆ ತಿಳಿಯುತ್ತದೆ.

ನಾಣ್ಯವನ್ನು ಬಾಗಿಲಿನಿಂದಲೇ ಎಸೆದಿದ್ದರೆ? ದಾನವೇನೋ ಆಗುತ್ತಿತ್ತು. ತನಗೆ ಕಣ್ಣು ಕೊಟ್ಟವನು ಯಾರೆಂದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

ಭಿಕ್ಷೆ ಕೊಡುತ್ತೀರಾ ಎಂದು ಕೇಳಿ ಪೋಪ್ ಫ್ರಾನ್ಸಿಸರು ಸುಮ್ಮನಾಗುತ್ತಿರಲಿಲ್ಲ. ಕೊಡುವಾಗ ಅವನ ಕಣ್ಣು ನೋಡಿದಿರಾ, ಕೈ ಮುಟ್ಟಿದಿರಾ ಎಂದೂ ಕೇಳುತ್ತಿದ್ದರು. ಈ ಪ್ರಶ್ನೆಗೆ ನಾವು ತಲೆತಗ್ಗಿಸಬೇಕು. ಪೂಜೆ ಮುಗಿಸಿ, ಯಾರೊಡನೆಯೋ ಮಾತನಾಡುತ್ತಾ, ಗೇಟಿನ ಬಳಿ ಕುಳಿತವರ ತಟ್ಟೆಗೆ ಒಂದು ಗೇಣು ಮೇಲಿನಿಂದ ನಾಣ್ಯ ಬಿಡುತ್ತೇವೆ. ಸ್ವಲ್ಪ ಹೊತ್ತಿನ ಮುಂಚೆ ಅದೇ ಕೈ ಪರಮಪ್ರಸಾದಕ್ಕಾಗಿ ಚಾಚಿತ್ತು. ಶುಭಸಂದೇಶದ ಧನಿಕ ಲಾಜರನನ್ನು ಹೊಡೆದನೆಂದು ಸಂತ ಲೂಕರು ಬರೆದಿಲ್ಲ, ಓಡಿಸಿದನೆಂದೂ ಬರೆದಿಲ್ಲ. ಲಾಜರ ಅವನ ಬಾಗಿಲಲ್ಲೇ ಬಿದ್ದಿದ್ದ.

ಮುಂದೆ ಅವರಿಬ್ಬರಿಗೆ ಮದುವೆಯಾಯಿತೇ? ಚಿತ್ರ ಹೇಳುವುದಿಲ್ಲ. ಅವನು ಹೂ ಹಿಡಿದು ನಾಚುತ್ತಾ ನಗುತ್ತಾನೆ. ಅವಳು ಅವನ ಕೈಯನ್ನು ಎದೆಗೆ ಒತ್ತಿಕೊಂಡಿದ್ದಾಳೆ, ಇನ್ನೂ ಬಿಟ್ಟಿಲ್ಲ.