ಶತ್ರುವಿನ ಶೋಕವೂ ಯವನರ ರಂಗವೂ

ಹಾಸನ, ಚನ್ನರಾಯಪಟ್ಟಣಗಳ ಕಡೆಯ ಹಳ್ಳಿಗಳಲ್ಲಿ ಮೂಡಲಪಾಯದ ಬಯಲಾಟವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬಹುದು. ಕರ್ಣಾರ್ಜುನರ ಕಾಳಗದಲ್ಲಿ ಸಭೆಯೆಲ್ಲವೂ ಪಾಂಡವಪಕ್ಷಪಾತಿಯೇ. ಕೃಷ್ಣನ ವೇಷಕ್ಕೆ ಕೈಮುಗಿಯುವವರೂ ಉಂಟು. ಆದರೂ ಕರ್ಣನ ರಥಚಕ್ರವು ನೆಲದಲ್ಲಿ ಹೂತುಹೋದಾಗ ಸೆರಗಿನಿಂದ ಕಣ್ಣೊರಸಿಕೊಳ್ಳದ ತಾಯಂದಿರು ಅಪರೂಪ. ಧರ್ಮವು ಗೆಲ್ಲಲೆಂದು ಹಾರೈಸಿದ ಮನಸ್ಸೇ, ಅದು ಗೆದ್ದ ಕ್ಷಣದಲ್ಲಿ, ಸೋತವನಿಗಾಗಿ ಅಳುತ್ತದೆ. ಈ ಕಣ್ಣೀರು ಎಂಥದು? ಚಿತ್ತವನ್ನು ಶುದ್ಧಿಗೊಳಿಸುವ ಕರುಣೆಯೋ, ಆಟದೊಡನೆ ಹುಟ್ಟಿ ಆಟದೊಡನೆ ಆರಿಹೋಗುವ ವಿನೋದವೋ?

ಈ ಪ್ರಶ್ನೆಯು ಪುರಾತನ ಯವನರ, ಎಂದರೆ ಗ್ರೀಕರ, ರಂಗದಲ್ಲಿ ಬಹು ತೀಕ್ಷ್ಣವಾಗಿ ಎದ್ದು ಕಾಣುತ್ತದೆ. ಆ ರಂಗವನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಟ್ಟವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅಗ್ರಗಣ್ಯರು. ಸಾಫೊಕ್ಲೀಸನ ‘ಅಯಾಸ್’ ನಾಟಕವನ್ನು ಮಾದರಿಯಾಗಿಟ್ಟುಕೊಂಡು 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದರು. 1935ರಲ್ಲಿ ಈಸ್ಕಿಲಸನ ಕೃತಿಯೊಂದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಚಿರಂಜೀವಿಯೆಂದು ನಿತ್ಯ ಸ್ಮರಿಸಲ್ಪಡುವ ಅಶ್ವತ್ಥಾಮನಿಗೆ ಮರಣವನ್ನು ವಿಧಿಸಿದುದು ಪೌರಾಣಿಕರಿಗೆ ಹಿತವಾಗತಕ್ಕ ಮಾತಲ್ಲ. ಆ ವಿವಾದ ಹಾಗಿರಲಿ. ಪ್ರಕೃತಕ್ಕೆ ಬೇಕಾದುದು ಎರಡನೆಯ ಕೃತಿ.

ಯವನರ ನಾಟಕವು ಹಣ ಕೊಟ್ಟು ಹೊತ್ತು ಕಳೆಯುವ ಕೂಟವಾಗಿರಲಿಲ್ಲ, ದೇವರ ಉತ್ಸವವಾಗಿತ್ತು. ವಸಂತಕಾಲದಲ್ಲಿ ಡಯೊನೀಸಸ್ ದೇವತೆಯ ಹಬ್ಬಕ್ಕೆ ಅಥೆನ್ಸಿನ ಪುರಜನರು ಕೋಟೆಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಗಟ್ಟಲೆ ಕೂಡುತ್ತಿದ್ದರು. ಕೆಳಗೆ ಮೇಳದವರು ಹಾಡಿ ಕುಣಿಯುವ ಕಣ. ಕಾಲಕ್ರಮದಲ್ಲಿ ಅದರ ಹಿಂದೆ ವೇಷ ಬದಲಿಸುವ ಮನೆಯೊಂದು. ಚಾವಣಿಯಿಲ್ಲ, ದೀಪಗಳಿಲ್ಲ, ಎಲ್ಲವೂ ಹಗಲಿನಲ್ಲೇ. ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬನದೂ ಮೂರು ರುದ್ರನಾಟಕಗಳು, ಮೇಲೊಂದು ಹಾಸ್ಯಪ್ರಾಯವಾದ ಆಟ. ಮೇಳವನ್ನು ತರಬೇತು ಮಾಡಿಸುವ ವೆಚ್ಚವನ್ನು ಧನಿಕನಾದ ಪ್ರಜೆಯೊಬ್ಬನು ಹೊರಬೇಕು. ಮೊದಲು ಒಬ್ಬನೇ ಇದ್ದ ನಟನ ಜೊತೆಗೆ ಎರಡನೆಯವನನ್ನು ಈಸ್ಕಿಲಸನೂ, ಮೂರನೆಯವನನ್ನು ಸಾಫೊಕ್ಲೀಸನೂ ತಂದರೆಂದು ಅರಿಸ್ಟಾಟಲನು ಹೇಳುತ್ತಾನೆ. ಎಲ್ಲರೂ ಗಂಡಸರು, ಎಲ್ಲರಿಗೂ ಮೊಗವಾಡ. ಮೇಳಕ್ಕೆ ಶ್ರುತಿಯಾಗಿ ಜೋಡಿ ಕೊಳವೆಯ ವಾದ್ಯ. ಅದು ಮೂಡಲಪಾಯದ ಮುಖವೀಣೆಯ ಜಾತಿಯದೆಂದರೆ ಸಲ್ಲುತ್ತದೆ. ಸಂಸ್ಕೃತದ ‘ಯವನಿಕಾ’ ಶಬ್ದವನ್ನು ಹಿಡಿದು ತೆರೆಯೇ ಯವನರಿಂದ ಬಂದಿತೆಂದು ಕೆಲವು ಪಂಡಿತರು ವಾದಿಸಿದರು. ಪಾಪ, ಆ ಕಾಲದ ಯವನರ ರಂಗಕ್ಕೆ ಮುಂದೆ ಇಳಿಬಿಡುವ ತೆರೆಯೇ ಇರಲಿಲ್ಲ!

ಕೊಲೆಯನ್ನು ಅವರು ಸಾಮಾನ್ಯವಾಗಿ ಕಣ್ಣೆದುರು ತೋರಿಸುತ್ತಿರಲಿಲ್ಲ. ದೂತನು ಬಂದು ವರ್ಣಿಸುವನು, ಮೇಳವು ಗೋಳಾಡುವುದು. ಭರತಮುನಿಯೂ ಯುದ್ಧ, ಮರಣ, ರಾಜ್ಯಭ್ರಂಶಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದು ವಿಧಿಸಿದ್ದಾನಷ್ಟೆ. (ಭಾಸನದೆಂದು ಪ್ರಸಿದ್ಧವಾದ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದಲ್ಲೇ ಪ್ರಾಣ ಬಿಡುತ್ತಾನೆಂಬುದು ಬೇರೆ ಮಾತು.)

ಈಗ ಎರಡು ನಾಟಕಗಳ ಕಥೆಯನ್ನು ನೋಡಬೇಕು. ಕ್ರಿ. ಪೂ. 494ರಲ್ಲಿ ಯವನರ ಮಿಲೀಟಸ್ ಪಟ್ಟಣವು ಪಾರಸಿಕರ ಕೈಯಲ್ಲಿ ನಾಶವಾಯಿತು. ಫ್ರೈನಿಕಸ್ ಎಂಬ ಕವಿ ಆ ವಿಪತ್ತನ್ನೇ ನಾಟಕವಾಗಿ ಆಡಿಸಿದನು. ಸಭೆಯೆಲ್ಲ ಬಿಕ್ಕಿ ಬಿಕ್ಕಿ ಅತ್ತಿತು. ಸ್ವಜನರ ಕೇಡನ್ನು ನೆನಪಿಗೆ ತಂದನೆಂದು ಅಥೆನ್ಸಿನವರು ಅವನಿಗೆ ಸಾವಿರ ದ್ರಾಖ್ಮ ದಂಡ ಹಾಕಿ, ಆ ನಾಟಕವನ್ನು ಮುಂದೆ ಯಾರೂ ಆಡಕೂಡದೆಂದು ಕಟ್ಟುಮಾಡಿದರೆಂದು ಹೆರೊಡೋಟಸನು ಬರೆದಿದ್ದಾನೆ.

ಕ್ರಿ. ಪೂ. 480ರಲ್ಲಿ ಪಾರಸಿಕರು ಅಥೆನ್ಸನ್ನೇ ಸುಟ್ಟರು. ಬಳಿಕ ಸಲಾಮಿಸ್ ಕಡಲ ಕಾಳಗದಲ್ಲಿ ಸೋತರು. ಎಂಟು ವರ್ಷಗಳಾದ ಮೇಲೆ, 472ರಲ್ಲಿ, ಈಸ್ಕಿಲಸನು ಆ ಗೆಲವನ್ನು ರಂಗಕ್ಕೆ ತಂದನು. ಮೇಳದ ವೆಚ್ಚವನ್ನು ಹೊತ್ತವನು ತರುಣನಾದ ಪೆರಿಕ್ಲೀಸ್. ಆದರೆ ನಾಟಕ ನಡೆಯುವ ಸ್ಥಳ ಅಥೆನ್ಸಲ್ಲ, ಶತ್ರುವಿನ ರಾಜಧಾನಿ. ಮೇಳದವರು ಪಾರಸಿಕ ವೃದ್ಧರು. ಕನಸು ಕಂಡು ಕಳವಳಗೊಂಡ ರಾಜಮಾತೆ. ಮಡಿದವರ ಹೆಸರುಗಳನ್ನು ಒಂದೊಂದಾಗಿ ಎಣಿಸುವ ದೂತ. ಗೋರಿಯಿಂದೆದ್ದು ಮಗನ ಮದವನ್ನು ನಿಂದಿಸುವ ದಾರಯನ ಪ್ರೇತ. ಕೊನೆಗೆ ಹರಿದ ಬಟ್ಟೆಯಲ್ಲಿ ಬರುವ ಕ್ಷಯಾರ್ಷ. ಗೆದ್ದ ಯವನ ವೀರರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿಲ್ಲ. ಬರೆದವನು ಮ್ಯಾರಥಾನಿನಲ್ಲಿ ಸ್ವತಃ ಕಾದಿದವನು. ಅವನ ಸಹೋದರನು ಅಲ್ಲಿಯೇ ಪಾರಸಿಕರಿಂದ ಹತನಾಗಿದ್ದನು. ನೋಡುವವರ ಬೆನ್ನ ಹಿಂದೆ, ಗುಡ್ಡದ ಮೇಲೆ, ಅದೇ ಪಾರಸಿಕರು ಸುಟ್ಟ ದೇವಾಲಯಗಳು ಇನ್ನೂ ಕಟ್ಟದೆ ಬಿದ್ದಿದ್ದುವು. ಆ ನಾಟಕಕ್ಕೆ ಪ್ರಥಮ ಬಹುಮಾನ!

ತಮ್ಮವರ ಗೋಳಿಗೆ ದಂಡ, ಹಗೆಯ ಗೋಳಿಗೆ ಬಹುಮಾನ: ಇದೇನು ವೈಪರೀತ್ಯ? ನಮ್ಮ ಆಲಂಕಾರಿಕರ ಬಳಿ ಇದಕ್ಕೆ ಉತ್ತರವುಂಟು. ಸುಖದುಃಖಗಳು ‘ನನ್ನವು’ ಅಥವಾ ‘ಅವನವು’ ಎಂಬ ಕಟ್ಟಿಗೆ ಸಿಕ್ಕಿದರೆ ಅದು ರಸಕ್ಕೆ ವಿಘ್ನವೆಂದೂ, ಪೂರ್ವರಂಗದಿಂದಲೂ ಕಿರೀಟಾದಿ ವೇಷಗಳಿಂದ ನಟನ ನಿಜರೂಪವನ್ನು ಮರೆಸುವುದರಿಂದಲೂ ಆ ವಿಘ್ನವು ಕಳೆಯುವುದೆಂದೂ ಅಭಿನವಗುಪ್ತಾಚಾರ್ಯರ ಅಭಿಪ್ರಾಯ. ಫ್ರೈನಿಕಸನ ಸಭೆಗೆ ಆದುದು ರಸವಲ್ಲ, ಹಳೆಯ ಗಾಯವನ್ನು ಮತ್ತೆ ಕೆದಕಿದ ನೋವು. ಈಸ್ಕಿಲಸನಲ್ಲಾದರೋ ದೂರದೇಶ, ಮೊಗವಾಡ, ಮೇಳದ ಗಾನ ಇವು ಸೇರಿ ವೈರಿಯ ತಾಯಿಯನ್ನು ಬರಿಯ ತಾಯಿಯನ್ನಾಗಿ ಮಾಡಿದುವು. ಹಗಲು ನೇಗಿಲು ಹಿಡಿದಿದ್ದ ನೆರೆಮನೆಯವನು ಇರುಳು ಭುಜಕೀರ್ತಿ ಕಿರೀಟಗಳನ್ನು ಧರಿಸಿದೊಡನೆ ಕರ್ಣನಾಗುವುದೂ ಈ ನ್ಯಾಯದಿಂದಲೇ.

ಇದರಿಂದ ರಸದ ಪ್ರಶ್ನೆ ಬಗೆಹರಿಯಿತು, ಧರ್ಮದ ಪ್ರಶ್ನೆ ಬಗೆಹರಿಯಲಿಲ್ಲ. ದೂರವಿದ್ದುದರಿಂದ ಹುಟ್ಟಿದ ಕರುಣೆಯು ಹತ್ತಿರ ಬಂದಾಗ ನಿಲ್ಲುವುದೆ? ಕ್ರಿ. ಪೂ. 416ರಲ್ಲಿ ಇದೇ ಅಥೆನ್ಸಿನವರು ತಮಗೆ ಮಣಿಯದ ಮೀಲೋಸ್ ದ್ವೀಪವನ್ನು ಮುತ್ತಿದರು. ಅದು ಶರಣಾದ ಮೇಲೆ ಸೆರೆಸಿಕ್ಕ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿದರು. ‘ಪಾರಸಿಕರು’ ನೋಡಿ ಅತ್ತವರ ಮಕ್ಕಳು, ಮೊಮ್ಮಕ್ಕಳು ಇವರು. ರಂಗದ ಕಣ್ಣೀರು ಕೈಯಲ್ಲಿನ ಕತ್ತಿಯನ್ನು ತಡೆಯಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ರಂಗವೂ ಸುಮ್ಮನಿರಲಿಲ್ಲ. ಮರುವರ್ಷದ ವಸಂತದಲ್ಲಿ ಯೂರಿಪಿಡೀಸನು ‘ಟ್ರಾಯಿನ ಹೆಂಗಸರು’ ನಾಟಕವನ್ನು ಆಡಿಸಿದನು. ಪತಿಪುತ್ರರನ್ನು ಕಳೆದುಕೊಂಡು ಯವನರ ಹಡಗುಗಳಿಗಾಗಿ ಕಾದು ಕುಳಿತ ದಾಸಿಯರು. ಕೋಟೆಯ ಮೇಲಿನಿಂದ ಎಸೆದು ಕೊಂದ ಎಳೆಯ ಮಗುವಿನ ಶವವನ್ನು ತಂದೆಯ ಗುರಾಣಿಯಲ್ಲಿ ಮಲಗಿಸುವ ಮುದುಕಿ. ಕಥೆ ಪುರಾತನದ್ದು, ಮೊಗವಾಡವೂ ಉಂಟು. ಆದರೆ ಈ ಸಲ ಅಳಿಸಿದವರು ಯಾರೆಂಬುದು ಇಳಿಜಾರಿನಲ್ಲಿ ಕುಳಿತವರಿಗೆ ತಿಳಿಯದೆ ಹೋಗಿರಲಾರದು. ಕವಿಗೆ ಯಾರೂ ದಂಡ ಹಾಕಲಿಲ್ಲ. ಎರಡನೆಯ ಸ್ಥಾನ ಕೊಟ್ಟರು. ಅದೇ ಬೇಸಗೆಯಲ್ಲಿ ಅಥೆನ್ಸಿನ ಹಡಗುಗಳು ಸಿಸಿಲಿಯ ಮೇಲೆ ದಂಡೆತ್ತಿ ಹೊರಟುವು.