ಚಿಕ್ಕಪ್ಪನ ಎಂಜಲು

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಯಾರದೋ ಗದ್ದೆ ಬದುವಿನ ಮೇಲಿದ್ದ ಮೋಟಾರು ಕಳುವಾಗಿತ್ತು. ಹಿಂದಿನ ದಿನ ಇವರು ಆ ದಾರೀಲಿ ಓಡಾಡಿದ್ದನ್ನು ಯಾರೋ ನೋಡಿದ್ದರು, ಅಷ್ಟೇ. ಮಾರನೇ ದಿನ ಸಂಜೆ ಬಿಟ್ಟರು. ವಾರದಲ್ಲಿ ಮೋಟಾರೂ ಸಿಕ್ಕಿತು, ಕದ್ದವನೂ ಸಿಕ್ಕ. ಆದರೂ ಎರಡು ವರ್ಷ, ನಮ್ಮ ಅತ್ತೆಯನ್ನು ನೋಡೋಕೆ ಬಂದ ಗಂಡಿನ ಕಡೆಯವರೆಲ್ಲ "ಸ್ಟೇಷನ್‌ಗೆ ಹೋಗಿದ್ರಲ್ಲ, ಆ ಮನೇನಾ?" ಅಂತ ವಿಚಾರಿಸಿಕೊಂಡೇ ಬರುತ್ತಿದ್ದರು.

ಊರಿನ ನೆನಪು ಕ್ರೂರ. ಆದರೆ ಅದಕ್ಕೂ ವಯಸ್ಸಾಗುತ್ತೆ. ಈಗ ಯಾರೂ ಆ ಮಾತು ಎತ್ತಲ್ಲ.

ಸರ್ಕಾರದ ನೆನಪು ಹಾಗಲ್ಲ. 1920ರ ಹಳೇ ಕಾನೂನಿನಲ್ಲಿ ಬೆರಳಚ್ಚು, ಹೆಜ್ಜೆ ಗುರುತು, ಫೋಟೋ ಇಷ್ಟೇ ಇತ್ತು. ಅದರ ಜಾಗಕ್ಕೆ ಬಂದ 2022ರ ಕ್ರಿಮಿನಲ್ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಲ್ಲಿ ಕಣ್ಣಿನ ಸ್ಕ್ಯಾನ್ ಇದೆ, ಜೈವಿಕ ಮಾದರಿ ಮತ್ತು ಅದರ ವಿಶ್ಲೇಷಣೆ ಇದೆ. ಡಿಎನ್‌ಎ ಅನ್ನೋ ಪದ ಇಲ್ಲ, ಆದರೆ ಜೈವಿಕ ಮಾದರಿ ಅಂದಮೇಲೆ ಅದೂ ಬಂತು. ಅಪರಾಧ ಸಾಬೀತಾದವರದ್ದಷ್ಟೇ ಅಲ್ಲ, ಬರೀ ಅರೆಸ್ಟ್ ಆದವರದ್ದೂ. ದಾಖಲೆ 75 ವರ್ಷ ಎನ್‌ಸಿಆರ್‌ಬಿ ಹತ್ತಿರ ಇರುತ್ತೆ. ಚಿಕ್ಕಪ್ಪನಿಗೆ ಆಗ 26. ಅವರಿಗೆ ನೂರಾ ಒಂದು ತುಂಬೋವರೆಗೂ.

ವಿನಾಯಿತಿ ಇದೆ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪವಾದರೆ, ಅದು ಹೆಂಗಸರು ಮಕ್ಕಳ ಮೇಲಿನ ಅಪರಾಧವೂ ಅಲ್ಲವಾದರೆ, ಜೈವಿಕ ಮಾದರಿ ಕೊಡಲ್ಲ ಅನ್ನಬಹುದು. ಬದುವಿನ ಮೇಲಿದ್ದ ಮೋಟಾರು ಕದ್ದರೆ ಸಾದಾ ಕಳ್ಳತನ, ಗರಿಷ್ಠ 3 ವರ್ಷ. ಅದೇ ಮೋಟಾರು ಪಂಪ್‌ಹೌಸಿನ ಒಳಗಿದ್ದರೆ 7 ವರ್ಷದವರೆಗೆ ಹೋಗುತ್ತೆ. ಅಂದರೆ ಯಾವನೋ ಮೋಟಾರನ್ನು ಎಲ್ಲಿಟ್ಟಿದ್ದ ಅನ್ನೋದರ ಮೇಲೆ ನಿಮ್ಮ ಎಂಜಲಿನ ಹಕ್ಕು ನಿಂತಿದೆ.

ಕೇಸೇ ನಡೆಯದೆ ಬಿಟ್ಟರೆ, ಅಥವಾ ಕೊನೆಗೆ ಖುಲಾಸೆಯಾದರೆ, ಕೋರ್ಟು ಬೇಡ ಅನ್ನದಿದ್ದರೆ ದಾಖಲೆ ನಾಶ ಮಾಡಬೇಕು ಅಂತಲೂ ಇದೆ. ಇಲ್ಲಿ ನನ್ನ ಕಸುಬು ಅಡ್ಡ ಬರುತ್ತೆ. ನಾವು ಬರೆಯೋ ಸಿಸ್ಟಮ್‌ಗಳಲ್ಲಿ ಡಿಲೀಟ್ ಅಂದರೆ ಎಷ್ಟೋ ಸಲ ಒಂದು ಕಾಲಂನಲ್ಲಿ ಸೊನ್ನೆ ಇದ್ದದ್ದು ಒಂದಾಗೋದು, ಅಷ್ಟೇ. ಸ್ಕ್ರೀನ್ ಮೇಲೆ ಕಾಣಲ್ಲ. ಬ್ಯಾಕಪ್‌ನಲ್ಲಿರುತ್ತೆ, ಟೆಸ್ಟಿಂಗ್‌ಗೆ ಅಂತ ಯಾರೋ ಇಳಿಸಿಕೊಂಡ ಕಾಪಿಯಲ್ಲಿರುತ್ತೆ. ಅಳಿಸಿದೆ ಅಂತ ಎದೆ ಮುಟ್ಟಿ ಹೇಳೋ ಇಂಜಿನಿಯರು ನನಗಿನ್ನೂ ಸಿಕ್ಕಿಲ್ಲ.

"ತಪ್ಪು ಮಾಡಿಲ್ಲ ಅಂದ್ಮೇಲೆ ಭಯ ಯಾಕೆ ಗುರು?" ಅಂದ ಪಕ್ಕದ ಸೀಟಿನ ಗೆಳೆಯ. ಸುಲಭಕ್ಕೆ ತಳ್ಳಿಹಾಕೋ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ 70, 80ರ ದಶಕದಲ್ಲಿ ಸರಣಿ ಅತ್ಯಾಚಾರ, ಕೊಲೆ ಮಾಡಿ ತಪ್ಪಿಸಿಕೊಂಡಿದ್ದ ಒಬ್ಬ ಮಾಜಿ ಪೊಲೀಸ್ 2018ರಲ್ಲಿ ಸಿಕ್ಕಿಬಿದ್ದದ್ದು ಡಿಎನ್‌ಎಯಿಂದಲೇ. ಅದೇ ಡಿಎನ್‌ಎ ಎಷ್ಟೋ ನಿರಪರಾಧಿಗಳನ್ನು ಜೈಲಿಂದ ಬಿಡಿಸಿದೆ. ನನ್ನ ಮನೆಯವರಿಗೇ ಅಂಥದ್ದಾಗಿದ್ದರೆ ನಾನೂ ಮಾದರಿ ತಗೊಳ್ಳಿ ಅಂತಲೇ ಕೂಗುತ್ತಿದ್ದೆ.

ಆದರೆ ಅವನು ಸಿಕ್ಕಿದ್ದು ಅವನದೇ ಎಂಜಲಿನ ದಾಖಲೆಯಿಂದಲ್ಲ. ವಂಶಾವಳಿ ಹುಡುಕೋ ವೆಬ್‌ಸೈಟಿಗೆ ದೂರದ ಸಂಬಂಧಿಕರು ಹಾಕಿದ್ದ ಮಾಹಿತಿಯಿಂದ ಜಾಡು ಸಿಕ್ಕಿತು. ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರೋದು ಇದೇ. ಬೆರಳಚ್ಚು ಒಬ್ಬನದು. ಡಿಎನ್‌ಎ ಮನೆತನದ್ದು. ಚಿಕ್ಕಪ್ಪನ ಮಾದರಿ ಒಂದು ಸರ್ವರ್‌ನಲ್ಲಿ ಕೂತರೆ ನಮ್ಮಪ್ಪನೂ ಕೂತ ಹಾಗೆ, ನಾನೂ, ನನ್ನ ಮಗಳೂ. ನಮ್ಮನ್ನು ಯಾರೂ ಕೇಳಿಲ್ಲ. ಗಂಡಿನ ಕಡೆಯವರು "ಆ ಮನೇನಾ?" ಅಂದ ಹಾಗೆಯೇ ಇದೂ, ಮನೆಯನ್ನೇ ಹಿಡಿಯೋ ಅನುಮಾನ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಒಳಗೆ ಬರಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಒಳಗೆ ಬರಬೇಕು. ನನ್ನ ಲೆಕ್ಕದಲ್ಲಿ ಆ ಅಳತೆ ಇಷ್ಟು: ಆ ಕೇಸಿಗೆ ಬೇಕಾದರೆ ಮಾದರಿ ತೆಗೆಯಲಿ, ಹೋಲಿಸಲಿ, ಹೊಂದದಿದ್ದರೆ ಎಸೆಯಲಿ. ಶಿಕ್ಷೆಯಾಗೋ ಮೊದಲೇ ಉಗ್ರಾಣಕ್ಕೆ ತುಂಬೋದು ಬೇಡ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಬೇಡ ಅನ್ನೋ ಹಕ್ಕಿದೆ ಅಂತಲೂ ಹೇಳಿದೆ. ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು.

"ಅವತ್ತು ಎಂಜಲು ಕೇಳಿದ್ರೆ ಕೊಟ್ಬಿಡ್ತಿದ್ದೆ ಕಣಪ್ಪ," ಅಂದರು. "ಕತ್ತಲಾಗೋದ್ರೊಳಗೆ ಮನೆಗೆ ಬಿಟ್ರೆ ಸಾಕಾಗಿತ್ತು."