ಗೆರೆ ಮತ್ತು ಬೆಳಕು

“ನನ್ನ ಮನಸ್ಸಾಕ್ಷಿಗೆ ನಾನು ಸರಿಯಾಗಿದ್ದೇನೆ, ಇನ್ನು ಯಾರು ಏನೆಂದರೇನು?” ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಸಮಯ ಬಂದಾಗ ಆಡಿಯೂ ಇದ್ದೇವೆ. ಈ ಮಾತು ಬಂದೊಡನೆ ವಾದ ನಿಲ್ಲುತ್ತದೆ. ಮನಸ್ಸಾಕ್ಷಿಯ ತೀರ್ಪಿನ ಮೇಲೆ ಅಪೀಲು ಹೋಗಲು ಬೇರೊಂದು ನ್ಯಾಯಾಲಯವಿಲ್ಲವೆಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಈ ಸಾಕ್ಷಿ ನಿಜವಾಗಿ ನುಡಿಯುವುದೇನನ್ನು? ಮಾಡಿದ್ದು ಸರಿ ಎಂಬುದನ್ನೋ, ಇಲ್ಲವೆ ಮಾಡಿದ್ದು ನಾವು ಸರಿಯೆಂದು ನಂಬಿದಂತೆಯೇ ಇದೆ ಎಂಬುದನ್ನೋ? ಇವೆರಡರ ನಡುವೆ ದೊಡ್ಡ ಅಂತರವುಂಟು. ಅದನ್ನು ತಿಳಿಯಲು ವೇದಾಂತ ಗ್ರಂಥಗಳಿಗೇ ಹೋಗಬೇಕಾದುದಿಲ್ಲ. ನಿಟ್ಟೂರಿನ ಹೆದ್ದಾರಿಯ ಬದಿಯಲ್ಲಿ, ಹಳೆಯ ಮೋಟಾರ್ ಸೈಕಲ್ಲೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಮೆಕ್ಯಾನಿಕ್ಕಿನ ಕೈಕೆಲಸವನ್ನು ಸ್ವಲ್ಪ ಹೊತ್ತು ನೋಡಿದರೂ ಸಾಕು.

ನಮ್ಮ ಕಡೆಯ ತೋಟದ ಹಾದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಜಾವಾ, ಯೆಜ್ದಿ ಗಾಡಿಗಳು ಮೈಸೂರಿನ ಮಕ್ಕಳು. ಚೆಕೊಸ್ಲೊವಾಕಿಯದ ಜಾವಾ ಮಾದರಿಯನ್ನು ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ತಯಾರಿಸತೊಡಗಿತು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಈ ಎಂಜಿನ್ನುಗಳಲ್ಲಿ ಪೆಟ್ರೋಲು ಬೆರೆತ ಗಾಳಿಗೆ ಬೆಂಕಿ ತಾಗಿಸುವ ಕಿಡಿ ಯಾವಾಗ ಹಾರಬೇಕೆಂಬುದನ್ನು ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುಟಿಗಳು ನಿಶ್ಚಯಿಸುತ್ತವೆ. ಅವು ಒಂದನ್ನೊಂದು ಬಿಟ್ಟ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಕಿಡಿ ಹಾರಬೇಕಾದುದು ಪಿಸ್ಟನ್ನು ತುದಿಗೆ ಏರಿದಾಗಲಲ್ಲವೆ ಎಂದು ಯಾರಿಗಾದರೂ ತೋರಬಹುದು. ಆದರೆ ಬೆಂಕಿ ಹರಡಲು ಹೊತ್ತು ಬೇಕು. ಆದ್ದರಿಂದ ಜಾವಾ ಗಾಡಿಯಲ್ಲಿ ಪಿಸ್ಟನ್ನಿಗೆ ತುದಿ ಇನ್ನೂ ಸುಮಾರು 3 ಮಿಲಿಮೀಟರ್ ಇರುವಾಗಲೇ ಕಿಡಿ ಹಾರಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಇದಕ್ಕೂ ಮೊದಲೇ ಹಾರಿತೋ, ಏರುವ ಪಿಸ್ಟನ್ನಿನ ನೆತ್ತಿಗೇ ಪೆಟ್ಟು. ಕಿಕ್ ಹೊಡೆದವನ ಕಾಲಿಗೆ ಎದುರೇಟು. ತಡವಾಯಿತೋ, ಬಲವೆಲ್ಲ ಬರಿಯ ಬಿಸಿಯಾಗಿ ಹೊಗೆ ಕೊಳವೆಯಲ್ಲಿ ಹೋಗಿಬಿಡುತ್ತದೆ. ರಾಗಿ ಬಿತ್ತುವ ರೈತನು ‘ಹದ’ ಎನ್ನುವುದು ಇದನ್ನೇ.

ಈ ಹದವನ್ನು ಪರೀಕ್ಷಿಸುವ ಹಳೆಯ ಕ್ರಮವೊಂದುಂಟು. ಎಂಜಿನ್ನನ್ನು ನಿಲ್ಲಿಸಿ, ಪಾಯಿಂಟುಗಳ ನಡುವೆ ಸಿಗರೇಟಿನ ತೆಳ್ಳನೆಯ ಕಾಗದವನ್ನಿಟ್ಟು, ಕೈಯಿಂದ ಮೆಲ್ಲನೆ ತಿರುಗಿಸುತ್ತಾರೆ. ಕಾಗದ ಸಡಿಲವಾಗಿ ಜಾರಿದ ಕ್ಷಣವೇ ಕಿಡಿಯ ಕ್ಷಣ. ಇದು ನಿಂತ ಎಂಜಿನ್ನಿನ ಪರೀಕ್ಷೆ. ಓಡುವ ಎಂಜಿನ್ನನ್ನು ಪರೀಕ್ಷಿಸಲು ಟೈಮಿಂಗ್ ಲೈಟು ಬೇಕು. ಅದರ ಒಂದು ತಂತಿಯನ್ನು ಪ್ಲಗ್ಗಿನ ವೈರಿಗೆ ಕಚ್ಚಿಸುತ್ತಾರೆ. ಒಳಗೆ ಕಿಡಿ ಹಾರಿದಾಗಲೆಲ್ಲ ಹೊರಗೆ ದೀಪ ಒಮ್ಮೆ ಮಿಂಚುತ್ತದೆ. ತಿರುಗುವ ಭಾಗದ ಮೇಲೊಂದು ಗೆರೆ, ನಿಂತ ಕವಚದ ಮೇಲೊಂದು ಗೆರೆ. ಸೆಕೆಂಡಿಗೆ 50 ಬಾರಿ ಸುತ್ತುವ ಗೆರೆಯು 50 ಬಾರಿ ಮಿಂಚುವ ಬೆಳಕಿನಲ್ಲಿ ನಿಂತಂತೆಯೇ ಕಾಣುತ್ತದೆ. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1931ರ ಸುಮಾರಿಗೆ ವಿದ್ಯುತ್ ಮಿಂಚಿನಿಂದ ಓಡುವ ಯಂತ್ರಗಳನ್ನು ಹೀಗೆ ‘ನಿಲ್ಲಿಸಿ’ ನೋಡಿದನು. ಎರಡು ಗೆರೆಗಳೂ ಎದುರುಬದುರಾಗಿ ನಿಂತರೆ ಟೈಮಿಂಗು ಸರಿ.

ನಿಂತಾಗ ಸರಿಯಿದ್ದುದು ಓಡುವಾಗ ಸರಿಯಿರಬೇಕೆಂಬ ನಿಯಮವಿಲ್ಲ. ಒಳಗಿನ ಬೇರಿಂಗು ಸವೆದಿದ್ದರೆ ಕಾಗದದ ಪರೀಕ್ಷೆಯಲ್ಲಿ ಗೆದ್ದ ಎಂಜಿನ್ನು ದೀಪದ ಕೆಳಗೆ ಸಿಕ್ಕಿಬೀಳುತ್ತದೆ. ಗೆರೆ ಒಂದೆಡೆ ನಿಲ್ಲದೆ ನಡುಗುತ್ತದೆ. ಮನುಷ್ಯನೂ ಹಾಗೆಯೇ. ದೇವರ ಮುಂದೆ ಕೈಮುಗಿದು ನಿಂತಾಗ, ತರಗತಿಯಲ್ಲಿ ಪಾಠ ಹೇಳುವಾಗ ಎಲ್ಲರೂ ನ್ಯಾಯವಂತರೇ. ಅಣ್ಣತಮ್ಮಂದಿರು ತೆಂಗಿನ ತೋಟವನ್ನು ಪಾಲು ಮಾಡಿಕೊಳ್ಳಲು ಕುಳಿತಾಗ ಗೆರೆ ನಡುಗುವುದು ಕಾಣುತ್ತದೆ. ಮನಸ್ಸಾಕ್ಷಿಯ ಹೆಚ್ಚುಗಾರಿಕೆಯೂ ಇದೇ: ಟೈಮಿಂಗ್ ಲೈಟಿನಂತೆ ಅದು ಮಾಡಿದ ಕೆಲಸದ ಕಿಡಿಯಿಂದಲೇ ಹೊತ್ತಿಕೊಂಡು ಆ ಕೆಲಸವನ್ನೇ ತೋರಿಸುತ್ತದೆ.

ತೊಡಕಿರುವುದು ಇದರ ಮುಂದೆ. ಗೆರೆಯನ್ನೇ ತಪ್ಪಾಗಿ ಎಳೆದಿದ್ದರೆ? ಆಗಲೂ ಬೆಳಕಿನಲ್ಲಿ ಅದು ಎಳ್ಳಷ್ಟೂ ಅಲುಗದೆ ನಿಲ್ಲುತ್ತದೆ. ಎಂಜಿನ್ನು ಒಳಗೆ ಪೆಟ್ಟು ತಿನ್ನುತ್ತಿರುತ್ತದೆ. ಹೊರಗೆ ದೀಪ ‘ಎಲ್ಲವೂ ಸರಿ’ ಎನ್ನುತ್ತಿರುತ್ತದೆ. ಮೆಕ್ಯಾನಿಕ್ಕಿನ ಮಾತಿನಲ್ಲೇ ಹೇಳುವುದಾದರೆ, “ಲೈಟು ಸುಳ್ಳು ಹೇಳಲ್ಲ ಮೇಷ್ಟ್ರೇ, ಸುಳ್ಳು ಹೇಳೋದಿದ್ರೆ ಗೆರೆನೇ ಹೇಳ್ಬೇಕು.” ದೀಪ ತಿಳಿಸುವುದು ಕಿಡಿಗೂ ಗೆರೆಗೂ ಇರುವ ಹೊಂದಾಣಿಕೆಯನ್ನು ಮಾತ್ರ. ಗೆರೆಗೂ ಪಿಸ್ಟನ್ನಿಗೂ ಇರುವ ಸಂಬಂಧ ಅದಕ್ಕೆ ಕಾಣದು.

ಇದು ಬರಿಯ ಉಪಮೆಯ ಚಮತ್ಕಾರವಲ್ಲ. ನಮ್ಮ ಊರುಗಳ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು, ನೀರು ಬೇಡಿ ಬಂದವನ ಬೊಗಸೆಗೆ ಮೇಲಿನಿಂದ ಎತ್ತಿ ಹೊಯ್ಯುತ್ತಿದ್ದುದನ್ನು ನೆನೆಯಿರಿ. ಹೊಯ್ಯುತ್ತಿದ್ದವರೆಲ್ಲ ಕಟುಕರೆ? ಅಲ್ಲ. ಅವರಲ್ಲಿ ಎಷ್ಟೋ ಮಂದಿ ದಯಾಳುಗಳು, ಮಾತಿಗೆ ತಪ್ಪದವರು, ಬಾಯಾರಿ ಬಂದವನನ್ನು ಬರಿಗೈಯಲ್ಲಿ ಕಳಿಸದವರು. ರಾತ್ರಿ ಅವರಿಗೆ ಸುಖನಿದ್ರೆ ಬರುತ್ತಿತ್ತು. ಅವರ ಮನಸ್ಸಾಕ್ಷಿ ಕೆಟ್ಟಿರಲಿಲ್ಲ, ಚೆನ್ನಾಗಿಯೇ ಬೆಳಗುತ್ತಿತ್ತು. ಆ ಬೆಳಕಿನಲ್ಲಿ ಅವರ ನಡತೆಯೂ ಅವರು ಪಡೆದುಬಂದ ಗೆರೆಯೂ ಕೂದಲೆಳೆಯಷ್ಟು ಅಂತರವಿಲ್ಲದೆ ಕೂಡಿಕೊಂಡಿದ್ದುವು. ಗೆರೆ ತಪ್ಪಿದೆಯೆಂಬುದು ಗೊತ್ತಿದ್ದುದು ಬಗ್ಗಿ ಬೊಗಸೆಯೊಡ್ಡಿದವನಿಗೆ. ಅವನನ್ನು ಯಾರೂ ಕೇಳಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆಯಿತು. 1955ರ ಕಾಯಿದೆ ಅದರ ಆಚರಣೆಯನ್ನು ಅಪರಾಧವೆಂದಿತು. ಗೆರೆ ಸರಿದ ಮೇಲೆ ಅದೇ ದೀಪ ಅದೇ ನಡತೆಯನ್ನು ಬೇರೆಯಾಗಿ ತೋರಿಸಿತು. ಕೆಲವರು ನಡತೆಯನ್ನು ತಿದ್ದಿಕೊಂಡರು. ಕೆಲವರು ಕಾಲ ಕೆಟ್ಟಿತೆಂದರು. ಬೇರೆ ಲೋಟದ ಸುದ್ದಿ ಇಂದಿಗೂ ಪೂರ್ತಿ ನಿಂತಿಲ್ಲವೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಸರಿಯಾದ ಗೆರೆಯನ್ನು ಎಳೆಯುವುದು ಹೇಗೆ? ಇಲ್ಲಿಯೂ ಕಸುಬು ಒಂದು ವಿವೇಕವನ್ನು ಹೇಳಿಕೊಡುತ್ತದೆ. ಅದಕ್ಕೆ ಎಂಜಿನ್ನನ್ನು ನಿಲ್ಲಿಸಬೇಕು, ಪ್ಲಗ್ಗು ಬಿಚ್ಚಬೇಕು, ಆ ತೂತಿನಲ್ಲಿ ಅಳತೆಯ ಕಡ್ಡಿಯಿಳಿಸಿ ಪಿಸ್ಟನ್ನನ್ನೇ ಮುಟ್ಟಿ ನೋಡಬೇಕು. ಅಷ್ಟಾದರೂ ತುದಿ ಸುಲಭವಾಗಿ ಸಿಕ್ಕುವುದಿಲ್ಲ; ಅಲ್ಲಿ ಪಿಸ್ಟನ್ನು ಕೊಂಚ ಹೊತ್ತು ಏರದೆ ಇಳಿಯದೆ ನಿಂತಂತಿರುತ್ತದೆ. ಬಲ್ಲವರು ಏರುವ ಕಡೆ ಒಂದು ಗುರುತು, ಇಳಿಯುವ ಕಡೆ ಅಷ್ಟೇ ಆಳದಲ್ಲಿ ಇನ್ನೊಂದು ಗುರುತು ಮಾಡಿ, ಅವುಗಳ ನಟ್ಟನಡುವೆ ತುದಿಯನ್ನು ಹಿಡಿಯುತ್ತಾರೆ. ಒಂದೇ ಕಡೆಯಿಂದ ನೋಡಿದವನಿಗೆ ಅದು ದಕ್ಕದು. ನೀರು ಹೊಯ್ಯುವವನ ಕಡೆಯಿಂದ ಎಷ್ಟು ಧ್ಯಾನಿಸಿದರೂ ದೊರೆಯದ ಸತ್ಯ, ಬೊಗಸೆಯೊಡ್ಡುವವನ ಕಡೆಗೂ ಹೋಗಿ ನೋಡಿದರೆ ದೊರೆತೀತು.

ಮನಸ್ಸಾಕ್ಷಿ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಒಳ್ಳೆಯ ಗೆರೆಯಿದ್ದೂ ದೀಪವಿಲ್ಲದವನು ತನ್ನ ನಡತೆ ಎಲ್ಲಿ ಜಾರಿತೆಂದು ಅರಿಯಲಾರ. ಪಾಯಿಂಟಿನ ಫೈಬರ್ ಹಿಮ್ಮಡಿ ತಿರುಗಿ ತಿರುಗಿ ಸವೆದಂತೆ, ಯಾರ ತಪ್ಪೂ ಇಲ್ಲದೆ, ಕಿಡಿ ದಿನದಿನಕ್ಕೂ ಚೂರುಚೂರೇ ತಡವಾಗುತ್ತ ಹೋಗುತ್ತದೆ. ಅದನ್ನು ಹಿಡಿದುಕೊಡಲು ದೀಪ ಬೇಕೇ ಬೇಕು. ಆದರೆ ಮನಸ್ಸಾಕ್ಷಿಯ ಶಾಂತಿಯನ್ನೇ ಪ್ರಮಾಣವಾಗಿ ತಂದೊಡ್ಡುವವರನ್ನು, ಅಂಥವರು ನಾವೇ ಆಗಿದ್ದಾಗ ನಮ್ಮನ್ನೂ, ಒಂದು ಪ್ರಶ್ನೆ ಕೇಳಬೇಕು: ಈ ಗೆರೆ ಎಳೆದವರು ಯಾರು? ಎಳೆಯುವಾಗ ಒಳಗೆ ಪೆಟ್ಟು ತಿನ್ನುವವನನ್ನು ಮುಟ್ಟಿ ನೋಡಿದ್ದರೆ?